ಕೋಚ್ ಎಗಾನ್ ಮತ್ತು ನನಗೆ ಬಾರದ ಒಂದು ಪದ

ಹೋದ ತಿಂಗಳು ನಮ್ಮ ಸಬರ್ಬಿನ ಲೈಬ್ರರಿಗೆ ವಾಲಂಟಿಯರ್ ಆಗಿ ಸೇರಲು ಒಂದು ಅರ್ಜಿ ತುಂಬಬೇಕಾಯಿತು. ರಿಟೈರ್ ಆದವನು ಮನೆಯಲ್ಲಿ ಕುಳಿತು ಹೆಂಡತಿಯ ಅಡುಗೆಗೆ ಸಲಹೆ ಕೊಡುವುದಕ್ಕಿಂತ ಪುಸ್ತಕ ಜೋಡಿಸುವುದು ಇಬ್ಬರ ಆರೋಗ್ಯಕ್ಕೂ ಒಳ್ಳೆಯದೆಂದು ಮಗಳು ಅನು ತೀರ್ಮಾನಿಸಿದ್ದಳು. ಅರ್ಜಿಯನ್ನೂ ಅವಳೇ ಲ್ಯಾಪ್‌ಟಾಪಿನಲ್ಲಿ ತುಂಬುತ್ತಿದ್ದಳು. 'ಬಲ್ಲ ಭಾಷೆಗಳು' ಎಂಬ ಕಡೆಗೆ ಬಂದಾಗ, "ಕನ್ನಡ, ಇಂಗ್ಲಿಷ್. ಹಿಂದಿ ಅರ್ಧ ಅಂತ ಹಾಕಮ್ಮ" ಎಂದೆ.

"ವಾಟ್ ಅಬೌಟ್ ಜರ್ಮನ್, ಅಪ್ಪಾ?"

"ಬರಲ್ಲ."

"ಬಟ್ ಯೂ ಹ್ಯಾವ್ ಎ ಸರ್ಟಿಫಿಕೇಟ್!"

ಅಡುಗೆಮನೆಯಲ್ಲಿ ನನ್ನ ಹೆಂಡತಿ ಸುಮತಿ ಒಗ್ಗರಣೆ ಹಾಕುತ್ತಿದ್ದಳು. ಒಗ್ಗರಣೆಯ ಸದ್ದು ಸ್ವಲ್ಪ ಜೋರಾಯಿತು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಆ ಸದ್ದಿನ ಅರ್ಥವಾಗುತ್ತದೆ.

ಸರ್ಟಿಫಿಕೇಟು ಇರುವುದು ನಿಜ. ಅದರ ವಿಷಯ ಹೇಳುವ ಮೊದಲು ನನ್ನ ಸ್ವಭಾವದ ವಿಷಯ ಹೇಳಬೇಕು. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ. ಇದು ಹುಟ್ಟಿನಿಂದ ಬಂದದ್ದು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಾವಿದ್ದ ವಠಾರದಲ್ಲಿ ಎಂಟು ಮನೆ. ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹೋಗುತ್ತಿದ್ದವನು ನಾನೊಬ್ಬನೇ. ಎದುರುಮನೆಯ ಪದ್ಮಕ್ಕ ಒಂದು ಮಧ್ಯಾಹ್ನ ಕವರೊಂದನ್ನು ತಂದು, "ನಿಮ್ಮ ಭಾವ ಬ್ಯಾಂಕಿಗೆ ಅರ್ಜಿ ಹಾಕಿದ್ರಲ್ಲ, ಉತ್ತರ ಬಂದಿದೆ. ಓದೋ ಮರಿ" ಎಂದಳು. ಕಾಗದದಲ್ಲಿ 'ರಿಗ್ರೆಟ್' ಎಂದಿತ್ತು. ಐದನೇ ಕ್ಲಾಸಿನ ನನಗೆ 'ಗ್ರೇಟ್' ಗೊತ್ತಿತ್ತು. ಇದು ಅದರ ದೊಡ್ಡಣ್ಣ ಇರಬೇಕೆಂದುಕೊಂಡೆ. "ಬಹಳ ದೊಡ್ಡ ವಿಷಯ ಪದ್ಮಕ್ಕ, ಅವರಿಗೆ ತುಂಬ ಸಂತೋಷವಂತೆ" ಎಂದೆ. ಪದ್ಮಕ್ಕ ಎಂಟು ಮನೆಗೂ ಶಾವಿಗೆ ಪಾಯಸ ಹಂಚಿದಳು. ಸಂಜೆ ಬಂದ ಭಾವ ಕಾಗದ ಓದಿದರು, ಒಂದು ಲೋಟ ಪಾಯಸ ಕುಡಿದರು, ನನ್ನ ಕಡೆ ನೋಡಿ, "ಪಾಯಸ ಚೆನ್ನಾಗಿದೆ ಕಣೋ" ಎಂದರು. ಅಷ್ಟೇ. ಅವರು ಎರಡು ಏಟು ಕೊಟ್ಟಿದ್ದರೆ ನಾನು ಬೇರೆ ಮನುಷ್ಯನಾಗುತ್ತಿದ್ದೆನೋ ಏನೋ.

ಜರ್ಮನ್ ಕಲಿತದ್ದು ಇಂಜಿನಿಯರಿಂಗ್ ಓದುವಾಗ. ಮುಂದೆ ಜರ್ಮನಿಗೆ ಹೋಗಿ ಓದುವ ಹುಚ್ಚಿತ್ತು. ಸಂಜೆ ಕ್ಲಾಸಿಗೆ ಬರುತ್ತಿದ್ದ ರಂಗಾಚಾರ್ ಮೇಷ್ಟ್ರು ಹಗಲು ಸಂಸ್ಕೃತ ಹೇಳಿಕೊಡುವವರು; ಜರ್ಮನಿಯನ್ನು ನಕಾಶೆಯಲ್ಲಿ ಮಾತ್ರ ನೋಡಿದವರು. 'ರಾಮಃ ರಾಮೌ ರಾಮಾಃ' ಹೇಳುವ ರಾಗದಲ್ಲೇ 'ಡೆರ್ ಡೀ ದಾಸ್' ಹೇಳಿಸುತ್ತಿದ್ದರು. ನಮ್ಮ ಪಠ್ಯಪುಸ್ತಕದಲ್ಲಿ ಟೊಪ್ಪಿ ಹಾಕಿಕೊಂಡ ಒಬ್ಬ ಸಭ್ಯ ಗೃಹಸ್ಥನಿದ್ದ. ಅವನು ಸ್ಟೇಷನ್ನಿಗೆ ಹೋಗುವನು, ರೈಲು ಎಷ್ಟು ಹೊತ್ತಿಗೆಂದು ಕೇಳುವನು, ಬ್ರೆಡ್ಡು ಕೊಳ್ಳುವನು, ಥ್ಯಾಂಕ್ಸ್ ಹೇಳುವನು. ಇಪ್ಪತ್ತನಾಲ್ಕು ಪಾಠಗಳಲ್ಲಿ ಆ ಪುಣ್ಯಾತ್ಮನಿಗೆ ಒಮ್ಮೆಯೂ ಕಾಲು ನೋಯಲಿಲ್ಲ.

ಜರ್ಮನಿ ತಪ್ಪಿಹೋಯಿತು. ಎಂಬತ್ತರ ದಶಕದ ಕೊನೆಗೆ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಸಿಡ್ನಿಗೆ ಬಂದೆ. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಮಳೆನೀರಿನ ಚರಂಡಿಗಳ ನಕ್ಷೆ ತೆಗೆಯುವ ಕೆಲಸ. ಸುಮತಿಗೆ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದರಿಂದ ವೆಸ್ಟ್‌ಮೀಡ್ ಸ್ಟೇಷನ್ನಿನ ಪಕ್ಕದಲ್ಲೇ ಫ್ಲ್ಯಾಟು ರೆಂಟಿಗೆ ಹಿಡಿದೆವು. ಸ್ಟೇಷನ್ನಿಗೂ ಫ್ಲ್ಯಾಟಿಗೂ ನಡುವೆ ಒಂದು ಫುಟ್‌ಬಾಲ್ ಮೈದಾನ.

ಬರ್ಲಿನ್ ಗೋಡೆ ಬಿದ್ದು ಒಂದೋ ಎರಡೋ ವರ್ಷವಾಗಿತ್ತು. ಚಳಿಗಾಲದ ಒಂದು ಸಂಜೆ ಆಫೀಸಿನಿಂದ ಬರುತ್ತಿದ್ದವನು ಆ ಮೈದಾನದ ಬೇಲಿಯ ಹತ್ತಿರ ನಿಂತೆ. ಒಳಗೆ ಇಪ್ಪತ್ತು ಆಟಗಾರರ ಮುಂದೆ ನರೆತ ಕ್ರಾಪಿನ ಎತ್ತರದ ವ್ಯಕ್ತಿಯೊಬ್ಬರು ಜರ್ಮನ್‌ನಲ್ಲಿ ಕೂಗುತ್ತಿದ್ದರು: "ಓನೆ ಬಾಲ್! ಓನೆ ಬಾಲ್!" ಆಟಗಾರರು ಮಿಕಿಮಿಕಿ ನೋಡುತ್ತಿದ್ದರು. 'ಓನೆ' ಎಂದರೆ 'ಇಲ್ಲದೆ', ಅದಕ್ಕೆ ದ್ವಿತೀಯಾ ವಿಭಕ್ತಿ ಎಂದು ರಂಗಾಚಾರ್ ಮೇಷ್ಟ್ರು ನನ್ನೊಳಗಿಂದ ಎದ್ದರು. "ಚೆಂಡು ಬಿಟ್ಟು ಓಡಬೇಕಂತೆ!" ಎಂದು ನಾನು ಬೇಲಿಯಾಚೆಯಿಂದ ಇಂಗ್ಲಿಷಿನಲ್ಲಿ ಕೂಗಿದೆ. ಇಪ್ಪತ್ತು ಜನವೂ ಓಡಿದರು. ಜೀವನದಲ್ಲಿ ನನ್ನ ಒಂದು ಮಾತಿಗೆ ಇಪ್ಪತ್ತು ಜನ ಓಡಿದ್ದು ಅದೇ ಮೊದಲು. ನಶೆ ಏರದೆ ಇರುತ್ತದೆಯೇ?

ಅವರೇ ಎಗಾನ್. ಪೂರ್ವ ಜರ್ಮನಿಯ ಕಲ್ಲಿದ್ದಲ ಗಣಿಯೂರಿನವರು. ಹತ್ತನೇ ವಯಸ್ಸಿಗೇ ಸರ್ಕಾರದವರು ಆರಿಸಿ ಕ್ರೀಡಾಶಾಲೆಗೆ ಸೇರಿಸಿದ್ದರು. ಹತ್ತೊಂಬತ್ತಕ್ಕೆ ಆ ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಆಟ. ಇಪ್ಪತ್ತನಾಲ್ಕಕ್ಕೆ ಆಟ ನಿಂತಿತು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆಮೇಲೆ ಒಂದು ಕಾರ್ಖಾನೆಯ ತಂಡಕ್ಕೆ ಕೋಚ್. ಗೋಡೆ ಬಿದ್ದ ಮೇಲೆ ಕಾರ್ಖಾನೆ ಮುಚ್ಚಿತು, ಜೊತೆಗೆ ತಂಡವೂ. ಸಿಡ್ನಿಯಲ್ಲಿದ್ದ ಚಿಕ್ಕಮ್ಮ ಕರೆಸಿಕೊಂಡರು. ಇಲ್ಲಿ ಹಗಲು ಮರದ ಅಡ್ಡೆಯಲ್ಲಿ ಹಲಗೆ ಕೊಯ್ಯುವುದು, ಸಂಜೆ ಈ ಕ್ಲಬ್ಬಿನಲ್ಲಿ ಕೋಚಿಂಗ್. ಇದೆಲ್ಲ ತರಬೇತಿ ಮುಗಿದ ಮೇಲೆ, ಒಂದು ಕಾಲನ್ನು ತುಸು ಎಳೆಯುತ್ತ ಸ್ಟೇಷನ್ನಿಗೆ ನಡೆಯುವಾಗ ಅವರು ನನಗೆ ಹೇಳಿದ್ದು. ನನ್ನೊಡನೆ ಮಾತಾಡುವಾಗ ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ, ಕೂಸಿಗೆ ಅನ್ನ ಕಿವುಚಿ ಕೊಟ್ಟ ಹಾಗೆ ಕೊಡುತ್ತಿದ್ದರು. ನಾನು ಅದನ್ನು ನನ್ನ ಜರ್ಮನ್‌ನ ಹೆಚ್ಚುಗಾರಿಕೆ ಎಂದುಕೊಂಡಿದ್ದೆ.

ಕ್ಲಬ್ಬನ್ನು ಕಟ್ಟಿದವರು ಮಾಲ್ಟಾ ದ್ವೀಪದಿಂದ ಬಂದ ಕುಟುಂಬಗಳು. ಪ್ರೆಸಿಡೆಂಟ್ ಫ್ರಾಂಕ್ ಅವರಿಗೆ ಹತ್ತಿರದಲ್ಲೇ ದೊಡ್ಡ ಕೋಳಿ ಫಾರ್ಮ್ ಇತ್ತು. ದೊಡ್ಡ ಲೀಗಿನಲ್ಲಿ ಆಡಿದವರು ಸಿಗುತ್ತಾರೆಂದರೆ ಭಾಷೆ ಏನು ಮಹಾ ಎಂದು ಎಗಾನ್‌ರನ್ನು ಅವರೇ ಕರೆತಂದಿದ್ದರು. ಈಗ ಭಾಷೆಗೂ ಒಬ್ಬ ಸಿಕ್ಕಿದ. ನನಗೆ ಕ್ಲಬ್ಬಿನ ಜಾಕೆಟ್ ಕೊಟ್ಟರು, 'ಪ್ರೊಫೆಸರ್' ಎಂದು ಹೆಸರಿಟ್ಟರು. ಆಫೀಸಿನಲ್ಲಿ ನನ್ನ ಹೆಸರನ್ನು ಸರಿಯಾಗಿ ಹೇಳಲು ಯಾರಿಗೂ ಬರುತ್ತಿರಲಿಲ್ಲ. ಇಲ್ಲಿ ನಾನು ಪ್ರೊಫೆಸರ್. ವಾರಕ್ಕೊಂದು ಟ್ರೇ ಮೊಟ್ಟೆಯೂ ಬರುತ್ತಿತ್ತು. ಮೊಟ್ಟೆ ಮುಟ್ಟದ ನಮ್ಮ ಮನೆಯಿಂದ ಅದು ಸುಮತಿಯ ಲ್ಯಾಬಿನವರ ಮನೆಗೆ ಹೋಗುತ್ತಿತ್ತು. ಎಗಾನ್‌ರ ಕೈಯಲ್ಲಿ ತಂಡ ಗೆಲ್ಲುತ್ತ ಗೆಲ್ಲುತ್ತ ಫೈನಲ್‌ಗೆ ಬಂತು.

ತಂಡದ ಮುಖ್ಯ ಆಟಗಾರ ಜೋಯಿ, ಫ್ರಾಂಕ್ ಅವರ ಮಗ. ಹತ್ತೊಂಬತ್ತು ವರ್ಷ. ಕುತ್ತಿಗೆಯಲ್ಲಿ ಯಾವಾಗಲೂ ಕಪ್ಪು ದಾರದಲ್ಲಿ ಕಟ್ಟಿದ ಬೆಳ್ಳಿಯ ಶಿಲುಬೆ; ತಾಯಿ ಸಾಯುವ ಮೊದಲು ಹಾಕಿದ್ದು. ಅಭ್ಯಾಸದ ವೇಳೆ ಅದನ್ನು ತೆಗೆದಿಡಲು ಎಗಾನ್ ಒಂದೆರಡು ಸಲ ಹೇಳಿದ್ದರು, ಯಾರದಾದರೂ ಕೈ ಸಿಕ್ಕಿಕೊಂಡೀತೆಂದು. ಜೋಯಿ ಅದನ್ನು ಅಂಗಿಯೊಳಗೆ ಇಳಿಸಿಕೊಂಡು ಸುಮ್ಮನಾಗುತ್ತಿದ್ದ. ಫೈನಲ್ ನೋಡಲು ಮೆಲ್ಬರ್ನಿನ ದೊಡ್ಡ ಕ್ಲಬ್ಬೊಂದರಿಂದ ಅವನಿಗಾಗಿಯೇ ಜನ ಬರುವವರಿದ್ದರು.

ಫೈನಲ್ ಭಾನುವಾರ. ಗುರುವಾರ ಎಗಾನ್ ಬರೆದುಕೊಟ್ಟ ತಂಡದ ಪಟ್ಟಿಯಲ್ಲಿ ಜೋಯಿಯ ಹೆಸರಿಲ್ಲ. ಸಂಜೆಯೇ ಕಮಿಟಿ ಸೇರಿತು. ಉದ್ದನೆಯ ಮೇಜಿನ ಒಂದು ಕಡೆ ಫ್ರಾಂಕ್ ಮತ್ತು ಐದು ಜನ, ಇನ್ನೊಂದು ಕಡೆ ಎಗಾನ್, ಪಕ್ಕದಲ್ಲಿ ಜಾಕೆಟ್ ಹಾಕಿಕೊಂಡ ನಾನು. ಬಾಗಿಲ ಹತ್ತಿರ ಗೋಡೆಗೊರಗಿ ಜೋಯಿ.

"ಯಾಕೆ ಅಂತ ಕೇಳಿ, ಪ್ರೊಫೆಸರ್" ಎಂದರು ಫ್ರಾಂಕ್.

ಕೇಳಿದೆ. ಎಗಾನ್ ಅಂದು ಕುದಿಯುತ್ತಿದ್ದರು. ನನಗಾಗಿ ಕಿವುಚಿ ಕೊಡುವ ಜರ್ಮನ್ ಆ ಹೊತ್ತಿಗೆ ಅವರಿಗೆ ನೆನಪಾಗಲಿಲ್ಲ. ಗಣಿಯೂರಿನ ಭಾಷೆ ಒಂದೇ ಉಸಿರಿಗೆ ಹೊರಬಿತ್ತು. ಅದರಲ್ಲಿ ನನ್ನ ಕಿವಿಗೆ ಸಿಕ್ಕಿದ್ದು ಒಂದು ಪದ, 'ಕ್ರಾಯ್ಟ್ಸ್‌ಬಾಂಡ್'. ಆಮೇಲೆ 'ನಿಲ್ಲುವುದಿಲ್ಲ' ಎಂಬಂಥದ್ದು. ಕೊನೆಗೆ 'ಆಡಿದರೆ ಮುಗಿಯಿತು' ಎಂಬುದು. ಹೇಳುತ್ತ ಅವರು ಎರಡು ತೋರುಬೆರಳುಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ತೋರಿಸಿದರು.

ಕ್ರಾಯ್ಟ್ಸ್ ಎಂದರೆ ಶಿಲುಬೆ. ಬಾಂಡ್ ಎಂದರೆ ದಾರ, ಪಟ್ಟಿ. ಎರಡೂ ನನಗೆ ಗೊತ್ತಿದ್ದ ಪದಗಳೇ. ಎರಡೂ ಸೇರಿ ಏನಾಗುತ್ತದೆಂದು ಗೊತ್ತಿರಲಿಲ್ಲ. ಇನ್ನೊಮ್ಮೆ ಹೇಳಿ ಎನ್ನಬಹುದಿತ್ತು. ಆರು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು. ಮೇಜಿನ ಮೇಲೆ ಶಿಲುಬೆಯಾಕಾರದ ಎರಡು ಬೆರಳು ಇನ್ನೂ ಹಾಗೇ ಇದ್ದವು.

"ಶಿಲುಬೆಯ ದಾರ ನಡೆಯೋದಿಲ್ಲವಂತೆ" ಎಂದೆ. "ಅದನ್ನ ಇಟ್ಟುಕೊಂಡು ಆಡೋ ಹಾಗಿದ್ರೆ ಮುಗೀತು ಅಂತಿದ್ದಾರೆ."

ಫ್ರಾಂಕ್ ನಿಧಾನವಾಗಿ ಎದ್ದರು. "ಅವನ ತಾಯಿ ಹಾಕಿದ್ದು ಅದು" ಎಂದರು. ಇನ್ನೊಬ್ಬರು, "ಕಮ್ಯೂನಿಸ್ಟ್ ದೇಶದವನಲ್ವಾ, ದೇವರನ್ನ ಕಂಡರೆ ಆಗಲ್ಲ" ಎಂದರು. ಎಗಾನ್ ನನ್ನ ಮುಖ ನೋಡಿದರು, ಕಮಿಟಿಯವರ ಮುಖ ನೋಡಿದರು. ಹೇಳಬೇಕಾದದ್ದನ್ನು ಹೇಳಿಯಾಗಿದೆ, ಕೇಳಿಯೂ ಇವರು ಒಪ್ಪುತ್ತಿಲ್ಲ ಎಂದು ಅವರು ತಿಳಿದರು. ಹತ್ತು ನಿಮಿಷದಲ್ಲಿ ಅವರ ಕೆಲಸ ಹೋಯಿತು. ಹೊರಡುವಾಗ ನನ್ನ ಭುಜ ತಟ್ಟಿ ಥ್ಯಾಂಕ್ಸ್ ಹೇಳಿದರು. ಪಠ್ಯಪುಸ್ತಕದ ಆ ಸಭ್ಯ ಗೃಹಸ್ಥನಂತೆಯೇ, ಸ್ಪಷ್ಟವಾಗಿ.

ಇಲ್ಲಿಯವರೆಗಿನದಕ್ಕೆ ನೀವು ನಕ್ಕು ನನ್ನನ್ನು ಕ್ಷಮಿಸಬಹುದು. ಮುಂದಿನದಕ್ಕೆ ಆಗುವುದಿಲ್ಲ.

ಆ ಪದ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕಾಡಿತು. ಶುಕ್ರವಾರ ಊಟದ ಬಿಡುವಿನಲ್ಲಿ ಆಫೀಸಿನ ಹತ್ತಿರದ ಲೈಬ್ರರಿಗೆ ಹೋಗಿ ದಪ್ಪ ನಿಘಂಟು ತೆಗೆದೆ. 'ಕ್ರೂಷಿಯೇಟ್ ಲಿಗಮೆಂಟ್' ಎಂದಿತ್ತು. ಅದೂ ಅರ್ಥವಾಗದೆ ಸಂಜೆ ಸುಮತಿಯನ್ನು ಕೇಳಿದೆ.

"ಮಂಡಿ ಒಳಗಿರೋದು ರೀ. ಎರಡು ಲಿಗಮೆಂಟು, ಮೂಳೆ ಹಿಡಿದಿಡೋ ನಾರಿನ ಪಟ್ಟಿಗಳು, ಒಂದರ ಮೇಲೊಂದು ಅಡ್ಡ ಹೋಗುತ್ವೆ" ಎಂದು ಅವಳು ಎರಡು ಬೆರಳು ಅಡ್ಡ ಹಿಡಿದು ತೋರಿಸಿದಳು. "ಹರಿದ್ರೆ ಕಾಲು ನಿಲ್ಲಲ್ಲ. ಯಾಕೆ?"

ಹೇಳಿದೆ. ಅವಳ ಕೈ ಹಾಗೇ ನಿಂತಿತು. "ಅಯ್ಯೋ ದೇವರೇ. ಈಗಲೇ ಫೋನ್ ಮಾಡಿ. ಆ ಹುಡುಗ ನಾಡಿದ್ದು ಆಡ್ತಾನೆ!"

ಹಾಲಿನಲ್ಲಿದ್ದ ಫೋನ್ ಎತ್ತಿಕೊಂಡೆ. ನಂಬರು ಬಾಯಿಪಾಠವಿತ್ತು. ಫ್ರಾಂಕ್‌ಗೆ ಹೇಗೆ ಹೇಳುವುದು? ಪ್ರೊಫೆಸರಿಗೆ ಜರ್ಮನ್ ಬರುವುದಿಲ್ಲ ಎಂದೇ? ಕ್ಲಬ್ಬಿನವರು ಏನೆಂದಾರು? ಮಂಡಿಯ ವಿಷಯ ಜೋಯಿಗೇ ಗೊತ್ತಿರುತ್ತದಲ್ಲ. ತೀರ ನೋವಿದ್ದರೆ ಅವನೇ ಹೇಳಿಯಾನು. ಹೀಗೆ ಲೆಕ್ಕ ಹಾಕುತ್ತ ನಿಂತಿದ್ದಾಗ ಒಳಗಿನಿಂದ ಸುಮತಿ, "ಸಿಕ್ಕಿದ್ರಾ?" ಎಂದಳು. ನಾನು, "ಹಲೋ ಫ್ರಾಂಕ್" ಎಂದೆ. ಕಿವಿಯಲ್ಲಿ ಡಯಲ್ ಟೋನ್ ಗುಂಯ್‌ಗುಡುತ್ತಿತ್ತು. ಅದಕ್ಕೇ ಪೂರ್ತಿ ವಿವರಿಸಿದೆ. ಕ್ಷಮೆ ಕೇಳಿದೆ. ನಡುನಡುವೆ ನಿಲ್ಲಿಸಿ "ಯೆಸ್, ಯೆಸ್, ಆಫ್ ಕೋರ್ಸ್" ಎಂದೆ. ನನ್ನ ಇಂಗ್ಲಿಷ್ ಎಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಫೋನ್ ಇಟ್ಟು ಅಡುಗೆಮನೆಗೆ ಹೋಗಿ, "ಹೇಳಿದೆ. ಅವರು ನೋಡ್ಕೋತಾರಂತೆ" ಎಂದೆ. ಸುಮತಿ ನಿಟ್ಟುಸಿರು ಬಿಟ್ಟು ಚಪಾತಿ ಲಟ್ಟಿಸತೊಡಗಿದಳು.

ಭಾನುವಾರ ನಾವು ಮೂವರೂ ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಅನುಗೆ ಆಗ ಆರು ವರ್ಷ. ಕೈಯಲ್ಲಿ ಕ್ಲಬ್ಬಿನ ಸಣ್ಣ ಬಾವುಟ. ಕೋಚ್ ಜಾಗದಲ್ಲಿ ಫ್ರಾಂಕ್ ನಿಂತಿದ್ದರು. ಆಟಗಾರರು ಸಾಲಾಗಿ ಬಂದಾಗ ಸುಮತಿ ನನ್ನ ತೋಳು ಹಿಡಿದಳು. "ರೀ, ಜೋಯಿ ಇದ್ದಾನೆ. ನೀವು ಫೋನ್ ಮಾಡಿದ್ರಲ್ಲ?" ನಾನು ಮೈದಾನವನ್ನೇ ನೋಡುತ್ತಿದ್ದೆ. "ರೀ. ಮಾಡಿದ್ರಲ್ಲ?" ಎರಡನೆಯ ಸಲದ ದನಿಯಲ್ಲಿ ಪ್ರಶ್ನೆ ಇರಲಿಲ್ಲ. ಅವಳು ಕೈ ತೆಗೆದುಕೊಂಡಳು.

ಇಪ್ಪತ್ತು ನಿಮಿಷ ಜೋಯಿ ಚೆನ್ನಾಗಿಯೇ ಆಡಿದ. ಆಮೇಲೆ ಹತ್ತಿರ ಯಾರೂ ಇಲ್ಲದ ಕಡೆ, ಚೆಂಡು ತಿರುಗಿಸಲು ಹೋಗಿ, ಕಡಿದ ಬಾಳೆಗಿಡದಂತೆ ಬಿದ್ದ. ಅವನ ಕೂಗು ಸ್ಟ್ಯಾಂಡಿನವರೆಗೂ ಕೇಳಿಸಿತು. ಎದುರು ಬದಿಯ ಬೇಲಿ ಹಾರಿ ಒಬ್ಬರು ಕುಂಟುತ್ತ ಓಡಿ ಬಂದರು. ಎಗಾನ್. ಮಂಡಿಯೂರಿ ಕುಳಿತು, ಆ ಕಾಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರು ನಡೆಯುವಾಗ ಒಂದು ಕಾಲು ಎಳೆಯುವುದನ್ನು ತಿಂಗಳುಗಟ್ಟಲೆ ನೋಡಿದ್ದೆ; ಅದು ಯಾಕೆಂದು ಅವತ್ತು ಹೊಳೆಯಿತು.

ಆಸ್ಪತ್ರೆಗೆ ನಾನು ದ್ರಾಕ್ಷಿ ಹಿಡಿದುಕೊಂಡು ಹೋದೆ. ಕಾರಿಡಾರಿನಲ್ಲಿ ಫ್ರಾಂಕ್, ಹೂವು ತಂದಿದ್ದ ಎಗಾನ್‌ಗೆ ಬಾಗಿಲು ತೋರಿಸುತ್ತಿದ್ದರು. ಅದಕ್ಕೆ ಅನುವಾದ ಬೇಕಿರಲಿಲ್ಲ. ನಾನು ದ್ರಾಕ್ಷಿಯ ಸಮೇತ ಲಿಫ್ಟಿನತ್ತ ತಿರುಗಿದೆ. ಜೋಯಿ ಮತ್ತೆ ಆಡಲಿಲ್ಲ. ನಾನು ಕ್ಲಬ್ಬಿಗೆ ಹೋಗುವುದನ್ನು ಬಿಟ್ಟೆ. ಸುಮತಿ ಆ ಮಾತೆತ್ತಲಿಲ್ಲ. ಕೆಲವು ತಿಂಗಳು ಬೇರೆ ಮಾತನ್ನೂ ಹೆಚ್ಚು ಎತ್ತಲಿಲ್ಲ.

ಕೆಲವು ವರ್ಷ ಕಳೆದು ನನಗೆ ಮೆಲ್ಬರ್ನಿಗೆ ವರ್ಗವಾಯಿತು. ಕ್ರೇಗಿಬರ್ನ್ ಕಡೆ ಹೊಸ ಮನೆಗಳು ಏಳುತ್ತಿದ್ದ ಕಾಲ. ಮಾರ್ಟ್‌ಗೇಜ್ ತೆಗೆದು ಅಲ್ಲೇ ನೆಲೆ ನಿಂತೆವು. ಹನ್ನೆರಡು ವರ್ಷದ ಅನು, ಸ್ಕೂಲಿನ ಗೆಳತಿಯರು ಆಡುತ್ತಾರೆ, ತಾನೂ ಆಡಬೇಕು ಎಂದು ಹಟ ಹಿಡಿದಳು. ಶನಿವಾರ ಬೆಳಗ್ಗೆ ಮೈದಾನಕ್ಕೆ ಕರೆದುಕೊಂಡು ಹೋದರೆ, ಹುಡುಗಿಯರ ತಂಡದ ನಡುವೆ ನಿಂತಿದ್ದ ಕೋಚ್ ನನ್ನನ್ನು ಕಂಡು ಎರಡೂ ಕೈ ಚಾಚಿ ಬಂದರು.

"ಪ್ರೊಫೆಸರ್!"

ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಂಗ್ಲಿಷ್ ಇಲ್ಲಿಯವರಂತೆಯೇ ಬರುತ್ತಿತ್ತು. ಉಳಿದ ತಂದೆತಾಯಿಯರಿಗೆ ನನ್ನನ್ನು ತೋರಿಸಿ, "ನನಗೆ ಭಾಷೆ ಇಲ್ಲದಾಗ ಇವರೇ ನನ್ನ ಬಾಯಾಗಿದ್ರು" ಎಂದರು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಅದು ಬಿಡಲಿಲ್ಲ. ಇಡೀ ಸೀಸನ್ ಕಿತ್ತಳೆ ಹಣ್ಣು ಹೆಚ್ಚಿಕೊಂಡು ಹೋಗಿ ಹುಡುಗಿಯರಿಗೆ ಹಂಚುತ್ತ, ಅವರ ಕಣ್ಣು ತಪ್ಪಿಸಿಕೊಂಡು ಓಡಾಡಿದೆ.

ಸೀಸನ್ನಿನ ಕೊನೆಯ ಶನಿವಾರ ಅವರು ಒಬ್ಬ ಹುಡುಗಿಯನ್ನು ಆಟಕ್ಕೆ ಇಳಿಸಲಿಲ್ಲ. ಅವಳ ತಂದೆ ರೇಗಿಕೊಂಡು ಬಂದ. ಎಗಾನ್ ಶಾಂತವಾಗಿ, "ಮಂಡಿ ನೋಡಿ ಅವಳದು. ಒಳಗಿನ ಲಿಗಮೆಂಟ್ ಸಡಿಲ ಆಗಿರೋ ಹಾಗಿದೆ. ಮೊದಲು ಡಾಕ್ಟರಿಗೆ ತೋರಿಸಿ" ಎಂದು ಎರಡು ಬೆರಳು ಅಡ್ಡ ಹಿಡಿದು ತೋರಿಸಿದರು. ಆ ತಂದೆಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಥ್ಯಾಂಕ್ಸ್ ಹೇಳಿ ಮಗಳನ್ನು ಎತ್ತಿಕೊಂಡೇ ಕಾರಿನ ಕಡೆ ಹೋದ.

ನನ್ನ ಕೈಯ ಕಿತ್ತಳೆ ಡಬ್ಬಿಯನ್ನು ಬೆಂಚಿನ ಮೇಲಿಟ್ಟೆ. ಆಟ ಮುಗಿದು ಎಲ್ಲರೂ ಹೊರಟ ಮೇಲೆ, ಮೈದಾನದಲ್ಲಿ ಗುರುತಿಗಿಟ್ಟ ಪ್ಲಾಸ್ಟಿಕ್ ಕೋನ್‌ಗಳನ್ನು ಆಯ್ದುಕೊಳ್ಳುತ್ತಿದ್ದ ಅವರ ಮುಂದೆ ನಿಂತು ಗುರುವಾರದ್ದನ್ನೂ ಹೇಳಿದೆ, ಶುಕ್ರವಾರದ್ದನ್ನೂ ಹೇಳಿದೆ.

ಅವರು ಕೈಯಲ್ಲಿದ್ದ ಕೋನ್ ಅನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದ್ದು ನನ್ನ ವಿಷಯವೇ ಅಲ್ಲ. "ಅಂದ್ರೆ ಫ್ರಾಂಕ್‌ಗೆ ಗೊತ್ತಿರಲಿಲ್ವಾ?"

"ಇಲ್ಲ."

"ಮಗನ ಮಂಡಿ ಹಾಳಾಗಿದೆ ಅಂತ ಆ ಅಪ್ಪನಿಗೆ ಗೊತ್ತೇ ಇರಲಿಲ್ವಾ?" ಅವರು ತಮ್ಮ ಮಂಡಿಯನ್ನು ತಟ್ಟಿಕೊಂಡರು. "ನಂಗೆ ಇಪ್ಪತ್ತನಾಲ್ಕು ವರ್ಷ ಇದ್ದಾಗ, ನನ್ನ ಕೋಚು ಗೊತ್ತಿದ್ದೂ ಗೊತ್ತಿದ್ದೂ ನೋವು ಮರೆಸೋ ಇಂಜೆಕ್ಷನ್ ಹಾಕಿಸಿ ಆಡಿಸಿದ. ಇವನೂ ಅವನಂಥೋನೇ, ಸ್ವಂತ ಮಗನ್ನೇ ಬಲಿ ಕೊಟ್ಟ ಅಂತ ಇಷ್ಟು ವರ್ಷ ಫ್ರಾಂಕ್‌ನ ದ್ವೇಷಿಸ್ತಾ ಇದ್ದೀನಿ. ದೊಡ್ಡವರ ತಂಡವೇ ಬೇಡ ಅಂತ ಬಿಟ್ಟುಬಂದೆ."

ನಾನು ಕ್ಷಮಿಸಿ ಎಂದೆ. ಅವರು ನನ್ನನ್ನು ನೋಡಿದರು. "ಗುರುವಾರದ್ದು ತಪ್ಪು, ಪ್ರೊಫೆಸರ್. ಶುಕ್ರವಾರದ್ದನ್ನ ತಪ್ಪು ಅನ್ನೋಕಾಗಲ್ಲ, ಅದು ಗೊತ್ತಿದ್ದೇ ಮಾಡಿದ್ದು." ಬಗ್ಗಿ ಇನ್ನೊಂದು ಕೋನ್ ಎತ್ತಿಕೊಂಡರು. "ನಂಗೆ ಹೇಳಿ ಏನು ಪ್ರಯೋಜನ? ಹೋಗಿ ಫ್ರಾಂಕ್‌ಗೆ ಹೇಳಿ." ಜೇಬಿನಿಂದ ಚೀಟಿ ತೆಗೆದು ತಮ್ಮ ಫೋನ್ ನಂಬರು ಬರೆದುಕೊಟ್ಟರು. "ಅವನು ಕೇಳಿದ್ರೆ ಕೊಡಿ. ಕೇಳದಿದ್ರೆ ಬೇಡ."

ಮುಂದಿನ ವಾರವೇ ಸಿಡ್ನಿಗೆ ಹೋದೆ. ಸುಮತಿ ಬ್ಯಾಗಿಗೆ ಬಟ್ಟೆ ತುಂಬಿಕೊಟ್ಟಳು. ಎಲ್ಲಿಗೆಂದು ಕೇಳಲಿಲ್ಲ, ಗೊತ್ತಿತ್ತು. ಫಾರ್ಮಿನ ಅರ್ಧಕ್ಕೆ ಆಗಲೇ ಸೈಟುಗಳ ಗೂಟ ಬಿದ್ದಿದ್ದವು. ಉಳಿದ ಅರ್ಧದಲ್ಲಿ ಜೋಯಿ ವ್ಯಾನಿಗೆ ಮೊಟ್ಟೆಯ ಟ್ರೇ ತುಂಬುತ್ತಿದ್ದ, ಕಾಲೆಳೆಯುತ್ತ. ಫ್ರಾಂಕ್ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದರು. ನನ್ನನ್ನು ಕೂರಲು ಹೇಳಿದರು. ನಿಂತೇ ಹೇಳಿದೆ.

ಎಲ್ಲ ಕೇಳಿ ಅವರು ತಿರುಗಿದ್ದು ಮಗನ ಕಡೆಗೆ. "ನಿನಗೆ ಗೊತ್ತಿತ್ತಾ?"

ಜೋಯಿ ಟ್ರೇ ಕೆಳಗಿಟ್ಟ. "ಮಂಡಿ ಹೋಗಿರೋದು ಗೊತ್ತಿತ್ತು, ಡ್ಯಾಡ್. ಕೋಚ್ ನಂಗೆ ಗ್ರೌಂಡಿನಲ್ಲೇ ಬೆರಳು ಅಡ್ಡ ಇಟ್ಟು ತೋರಿಸಿದ್ರು. ಪ್ರೊಫೆಸರ್ ಶಿಲುಬೆ ಅಂದಾಗಲೇ ಅದು ಅಲ್ಲ ಅಂತ ಗೊತ್ತಾಯ್ತು. ನಂಗೆ ಆಡಬೇಕಿತ್ತು. ಸುಮ್ಮನಿದ್ದೆ."

ಫ್ರಾಂಕ್ ಮುಖ ಉಜ್ಜಿಕೊಂಡರು. "ಅವನು ಹೂವು ತಂದಿದ್ದ" ಎಂದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ಕೈ ಚಾಚಿದರು. ಚೀಟಿ ಕೊಟ್ಟೆ. ಅದನ್ನು ಹಿಡಿದುಕೊಂಡು ಮನೆಯೊಳಗೆ ಹೋದರು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಜೋಯಿ ಸಂಕೋಚದಿಂದ, "ನೀವು ಬೇಕೂಂತಲೇ ಹಾಗೆ ಹೇಳಿದ್ರಿ ಅಂದ್ಕೊಂಡಿದ್ದೆ" ಎಂದ. "ನಾನು ಆಡಬೇಕು ಅಂತ ಎಷ್ಟು ಆಸೆ ಪಟ್ಟಿದ್ದೆ ಅಂತ ನೋಡಿ, ನನ್ನ ಕಡೆ ನಿಂತ್ರಿ ಅಂತ. ಆ ಇಪ್ಪತ್ತು ನಿಮಿಷ ನೀವು ಕೊಟ್ಟದ್ದು ಅಂತ ಇಷ್ಟು ದಿನ ಮನಸ್ಸಲ್ಲೇ ನಿಮಗೆ ಥ್ಯಾಂಕ್ಸ್ ಹೇಳ್ತಾ ಇದ್ದೆ."

ನಿಮ್ಮ ಮುಂದೆ ಮುಚ್ಚಿಡುವುದೇನು? ಹೌದು ಎಂದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಬಾಯಿ ತೆರೆದೂ ಆಗಿತ್ತು.

"ಇಲ್ಲಪ್ಪ" ಎಂದೆ. "ನನಗೆ ಆ ಪದ ಗೊತ್ತಿರಲಿಲ್ಲ."

"ಅಷ್ಟೇನಾ?"

"ಅಷ್ಟೇ."

ಜೋಯಿ ತಲೆಯಾಡಿಸಿ, ಕೆಳಗಿಟ್ಟ ಟ್ರೇಯನ್ನು ಎತ್ತಿಕೊಂಡ. ಒಳಗಿನಿಂದ ಫ್ರಾಂಕ್ ಫೋನಿನಲ್ಲಿ ಮಾತಾಡುವುದು ಅಸ್ಪಷ್ಟವಾಗಿ ಕೇಳಿಸುತ್ತಿತ್ತು. ಅವರು ಹೊರಗೆ ಬಂದಾಗ ನನ್ನನ್ನು ನೋಡಲಿಲ್ಲ. ಮಗನಿಗೆ ಮಾತ್ರ, "ಈಸ್ಟರ್‌ಗೆ ಬರ್ತಾನಂತೆ" ಎಂದು ಹೇಳಿ, ಕೋಳಿಗಳ ಶೆಡ್ಡಿನ ಕಡೆ ನಡೆದರು.

ಎಗಾನ್ ಈಸ್ಟರ್‌ಗೆ ಸಿಡ್ನಿಗೆ ಹೋಗಿ ಫ್ರಾಂಕ್ ಮನೆಯಲ್ಲಿ ನಾಲ್ಕು ದಿನ ಇದ್ದರಂತೆ. ಅನು ಬಂದು ಹೇಳಿದಳು. ಅವಳಿಗೆ ಎಗಾನ್‌ರೇ ಹೇಳಿದ್ದು. ಅವಳ ಕೋಚಾಗಿ ಅವರು ಇನ್ನೂ ಮೂರು ವರ್ಷ ಇದ್ದರು. ನನ್ನನ್ನು ಕಂಡಾಗ ಗುಡ್ ಮಾರ್ನಿಂಗ್ ಎನ್ನುತ್ತಿದ್ದರು. ಪ್ರೊಫೆಸರ್ ಎನ್ನುತ್ತಿರಲಿಲ್ಲ.

ಆ ಈಸ್ಟರ್ ಊಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ ಎಂದು ಸುಮತಿಗೆ ಹೇಳಿದೆ. ಅವಳು ಈ ಸಲ ನಂಬಲಿಲ್ಲ.